ಹಾರ್ಮೋನ್ ಇಳಿದದ್ದು ಮೊದಲೋ, ಕಾಯಿಲೆ ಬಂದದ್ದು ಮೊದಲೋ?

ಅಡಿಪೊನೆಕ್ಟಿನ್ ಎಂಬ ಹಾರ್ಮೋನ್ ಒಂದಿದೆ. ಇನ್ಸುಲಿನ್, ಥೈರಾಯ್ಡ್ ಹಾರ್ಮೋನ್‌ಗಳ ಹೆಸರು ಎಲ್ಲರಿಗೂ ಗೊತ್ತು. ಇದರ ಹೆಸರು ಕೇಳಿದವರು ಕಡಿಮೆ. ಆದರೆ ಪ್ರಮಾಣ ನೋಡಿದರೆ ರಕ್ತದಲ್ಲಿ ಇಷ್ಟು ಧಾರಾಳವಾಗಿ ಓಡಾಡುವ ಹಾರ್ಮೋನ್‌ಗಳು ಕೆಲವೇ ಕೆಲವು. ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ (ರಕ್ತದ ದ್ರವ ಭಾಗದಲ್ಲಿ) ಇದು ಸುಮಾರು 3ರಿಂದ 30 ಮೈಕ್ರೋಗ್ರಾಂ ಇರುತ್ತದೆ. ಹಸಿವನ್ನು ಹಿಡಿತದಲ್ಲಿಡುವ ಲೆಪ್ಟಿನ್ ಇರುವುದು ನ್ಯಾನೋಗ್ರಾಂ ಲೆಕ್ಕದಲ್ಲಿ. ಅಂದರೆ ಇದಕ್ಕಿಂತ ಸಾವಿರ ಪಟ್ಟು ಕಡಿಮೆ.

ಅಡಿಪೊನೆಕ್ಟಿನ್ ತಯಾರಾಗುವುದು ಕೊಬ್ಬಿನ ಕೋಶಗಳಲ್ಲಿ. ಹಾಗಿದ್ದರೆ ಕೊಬ್ಬು ಜಾಸ್ತಿ ಇರುವವರಲ್ಲಿ ಇದೂ ಜಾಸ್ತಿ ಇರಬೇಕು ಅಲ್ವಾ? ಆಗುವುದು ಉಲ್ಟಾ. ಬೊಜ್ಜು ಏರಿದಂತೆ ಇದು ಇಳಿಯುತ್ತದೆ. ತೂಕ ಇಳಿಸಿದರೆ ಮತ್ತೆ ಏರುತ್ತದೆ. ಟೈಪ್ 2 ಸಕ್ಕರೆ ಕಾಯಿಲೆ ಇರುವವರಲ್ಲಿ ಕಡಿಮೆ. ಹೆಂಗಸರಿಗಿಂತ ಗಂಡಸರಲ್ಲಿ ಕಡಿಮೆ. 1995 ಮತ್ತು 1996ರಲ್ಲಿ ನಾಲ್ಕು ತಂಡಗಳು ಒಂದಕ್ಕೊಂದು ಸಂಬಂಧವಿಲ್ಲದೆ ಇದನ್ನು ಪತ್ತೆಹಚ್ಚಿದವು. 2001ರಲ್ಲಿ ಇಲಿಗಳಿಗೆ ಕೊಟ್ಟು ನೋಡಿದಾಗ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತು. ಪಯೋಗ್ಲಿಟಾಜೋನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಂಡವರಲ್ಲಿ ಇದು ಏರುತ್ತದೆ ಎಂಬುದೂ ಗೊತ್ತಾಯಿತು. ಇಷ್ಟೆಲ್ಲ ಒಂದೇ ದಿಕ್ಕಿಗೆ ಬೆರಳು ತೋರಿಸುವಾಗ ಯಾರಿಗಾದರೂ ಆಸೆ ಹುಟ್ಟುತ್ತದೆ. ಇದನ್ನು ಹೇಗಾದರೂ ಹೆಚ್ಚಿಸಿಬಿಟ್ಟರೆ ಸಕ್ಕರೆ ಕಾಯಿಲೆಯನ್ನೇ ತಡೆಯಬಹುದಲ್ಲ!

ನನಗೆ ಇದರ ಬಗ್ಗೆ ಓದಬೇಕು ಅನ್ನಿಸಿದ್ದು ಆ ಆಸೆಯಿಂದಲ್ಲ, ಅದರ ಹಿಂದಿರುವ ಒಂದು ಸರಳ ಪ್ರಶ್ನೆಯಿಂದ. ಕಾಯಿಲೆ ಇರುವವರಲ್ಲಿ ಈ ಹಾರ್ಮೋನ್ ಕಡಿಮೆ ಇದೆ, ಸರಿ. ಆದರೆ ಹಾರ್ಮೋನ್ ಇಳಿದದ್ದರಿಂದ ಕಾಯಿಲೆ ಬಂತೋ, ಕಾಯಿಲೆಯ ದಾರಿ ಹಿಡಿದ ಮೈಯೇ ಹಾರ್ಮೋನನ್ನು ಇಳಿಸಿತೋ? ರಕ್ತ ಪರೀಕ್ಷೆಯ ಚೀಟಿಯಲ್ಲಿ ಒಂದು ಅಂಕಿ ಇರುತ್ತದೆ. ಅದರ ಪಕ್ಕದಲ್ಲಿ ಕಡಿಮೆ, ಹೆಚ್ಚು ಎಂದು ಬರೆದಿರುತ್ತದೆ. ಆ ಅಂಕಿ ಕಾರಣವೋ ಪರಿಣಾಮವೋ ಎಂದು ಮಾತ್ರ ಎಲ್ಲೂ ಬರೆದಿರುವುದಿಲ್ಲ. ಓದುವವರು ಅದನ್ನು ಕಾರಣ ಎಂದೇ ಓದುತ್ತಾರೆ.

ಈ ಗಂಟನ್ನು ಬಿಡಿಸಲು ಜೀನ್‌ಗಳು ನೆರವಿಗೆ ಬರುತ್ತವೆ. ಕಳೆದ ಇಪ್ಪತ್ತು ವರ್ಷಗಳಲ್ಲಿ ಮೆಟಬಾಲಿಸಂ, ಅಂದರೆ ಮೈ ಆಹಾರವನ್ನು ಬಳಸಿಕೊಳ್ಳುವ ರೀತಿಯ ಬಗ್ಗೆ ನಡೆದ ಕೆಲಸದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದದ್ದು ಇದು.

ಮೊದಲಿಗೆ, ರಕ್ತದ ಹಾರ್ಮೋನ್ ಮಟ್ಟ ಎಲ್ಲರಲ್ಲೂ ಒಂದೇ ಇರುವುದಿಲ್ಲ. ಆ ವ್ಯತ್ಯಾಸದಲ್ಲಿ ಒಂದು ಪಾಲು ಹುಟ್ಟಿನಿಂದ ಬಂದದ್ದು. ಅವಳಿಗಳನ್ನು, ಕುಟುಂಬಗಳನ್ನು ನೋಡಿ ಮಾಡಿದ ಅಧ್ಯಯನಗಳಲ್ಲಿ ಅಡಿಪೊನೆಕ್ಟಿನ್‌ನ ವ್ಯತ್ಯಾಸದ ಸುಮಾರು ಶೇ. 30ರಿಂದ 70ರಷ್ಟು ಪಾಲು ಜೀನ್‌ಗಳಿಗೆ ಸೇರಿದ್ದು ಎಂದು ಕಂಡುಬಂದಿದೆ. ಇಷ್ಟು ದೊಡ್ಡ ಅಂತರ ಯಾಕೆ ಅಂದರೆ, ಈ ಪಾಲು ಯಾವ ಜನರನ್ನು ನೋಡಿದಿರಿ, ಅವರ ಊಟ, ವಯಸ್ಸು, ತೂಕ ಎಷ್ಟು ಒಂದೇ ತರಹ ಇತ್ತು ಎಂಬುದರ ಮೇಲೆ ನಿಂತಿದೆ. ಎಲ್ಲರೂ ಒಂದೇ ರೀತಿ ಬದುಕುವ ಕಡೆ ಜೀನ್‌ನ ಪಾಲು ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಇದು ಒಬ್ಬ ಮನುಷ್ಯನ ಬಗ್ಗೆ ಹೇಳುವ ಮಾತಲ್ಲ. ನಿಮ್ಮ ಅಡಿಪೊನೆಕ್ಟಿನ್‌ನಲ್ಲಿ ಅರ್ಧ ಅಪ್ಪ ಅಮ್ಮ ಕೊಟ್ಟದ್ದು, ಉಳಿದರ್ಧ ನೀವು ಮಾಡಿಕೊಂಡದ್ದು ಎಂದು ಇದರಿಂದ ಹೇಳಲು ಬರುವುದಿಲ್ಲ. ಈ ತಪ್ಪು ಓದು ತುಂಬಾ ಕಡೆ ಕಾಣುತ್ತದೆ.

ಕಾರಣ ಹುಡುಕಲು ಜೀನ್ ಹೇಗೆ ನೆರವಾಗುತ್ತದೆ? ಪ್ರತಿಯೊಂದು ಜೀನ್ ಅಪ್ಪನಲ್ಲೂ ಅಮ್ಮನಲ್ಲೂ ಎರಡೆರಡು ಪ್ರತಿ ಇರುತ್ತದೆ. ಅಪ್ಪನ ಎರಡು ಪ್ರತಿಗಳಲ್ಲಿ ಯಾವುದು ಮಗುವಿಗೆ ಬರಬೇಕು, ಅಮ್ಮನದರಲ್ಲಿ ಯಾವುದು ಬರಬೇಕು ಎಂಬುದು ಕಣ್ಣು ಮುಚ್ಚಿ ಚೀಟಿ ಎತ್ತಿದ ಹಾಗೆ. ಆ ಚೀಟಿ ಎತ್ತುವುದು ಹುಟ್ಟುವ ಮೊದಲೇ ಮುಗಿದಿರುತ್ತದೆ. ಮುಂದೆ ಆ ಮಗು ಏನು ತಿನ್ನುತ್ತದೆ, ಎಷ್ಟು ನಡೆಯುತ್ತದೆ, ಯಾವ ಕಾಯಿಲೆ ಬರುತ್ತದೆ ಇವು ಯಾವುವೂ ಹಿಂದೆ ಹೋಗಿ ಚೀಟಿಯನ್ನು ಬದಲಾಯಿಸಲಾರವು. ಈಗ ಒಂದು ಜೀನ್‌ನ ಯಾವುದೋ ಒಂದು ರೂಪ ಇದ್ದವರಲ್ಲಿ ಹುಟ್ಟಿನಿಂದಲೇ ಒಂದು ಹಾರ್ಮೋನ್ ಕೊಂಚ ಕಡಿಮೆ ಎಂದಿಟ್ಟುಕೊಳ್ಳಿ. ಆ ಹಾರ್ಮೋನ್ ನಿಜಕ್ಕೂ ಕಾಯಿಲೆಗೆ ಕಾರಣವಾಗಿದ್ದರೆ, ಆ ರೂಪ ಇರುವವರಲ್ಲಿ ಕಾಯಿಲೆಯೂ ಜಾಸ್ತಿ ಇರಬೇಕು. ಇಲ್ಲದಿದ್ದರೆ ಅನುಮಾನ ಶುರುವಾಗುತ್ತದೆ. ಈ ತರ್ಕವನ್ನು ಮಾರ್ಟಿನ್ ಕಟಾನ್ 1986ರಲ್ಲಿ ಒಂದು ಪುಟ್ಟ ಪತ್ರದಲ್ಲಿ ಮುಂದಿಟ್ಟಿದ್ದರು. ಅವರ ಪ್ರಶ್ನೆ ಕೊಲೆಸ್ಟ್ರಾಲ್ ಮತ್ತು ಕ್ಯಾನ್ಸರ್ ಬಗ್ಗೆ ಇತ್ತು. 2003ರಲ್ಲಿ ಜಾರ್ಜ್ ಡೇವಿ ಸ್ಮಿತ್ ಮತ್ತು ಶಾ ಇಬ್ರಾಹಿಂ ಇದನ್ನು ಒಂದು ಪೂರ್ಣ ವಿಧಾನವಾಗಿ ಬೆಳೆಸಿದರು. ಮೆಂಡೀಲಿಯನ್ ರ್‍ಯಾಂಡಮೈಸೇಶನ್ ಎಂದು ಅದಕ್ಕೆ ಹೆಸರು.

ಒಂದು ಹಾರ್ಮೋನ್ ನಿಜಕ್ಕೂ ಕಾರಣವಾದಾಗ ಅದು ಹೇಗೆ ಕಾಣುತ್ತದೆ ಎಂಬುದಕ್ಕೆ ಲೆಪ್ಟಿನ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಇದರ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು.

ಅಮೆರಿಕದ ಮೇನ್ ರಾಜ್ಯದ ಜ್ಯಾಕ್ಸನ್ ಲ್ಯಾಬೊರೇಟರಿಯಲ್ಲಿ ಎರಡು ಬಗೆಯ ದಪ್ಪ ಇಲಿಗಳಿದ್ದವು. ಎರಡೂ ಹಸಿವು ತೀರದೆ ತಿನ್ನುತ್ತಿದ್ದವು. ನೋಡಲು ಎರಡೂ ಒಂದೇ. ಡಗ್ಲಸ್ ಕೋಲ್ಮನ್ ಎಂಬ ವಿಜ್ಞಾನಿ ಎರಡು ಇಲಿಗಳನ್ನು ಪಕ್ಕಪಕ್ಕ ಹೊಲಿದು, ಒಂದರ ರಕ್ತ ಇನ್ನೊಂದಕ್ಕೆ ಹರಿಯುವಂತೆ ಮಾಡಿದರು. ಮೊದಲ ಬಗೆಯ ದಪ್ಪ ಇಲಿಯನ್ನು ಸಾಮಾನ್ಯ ಇಲಿಗೆ ಜೋಡಿಸಿದಾಗ ದಪ್ಪ ಇಲಿ ಕಡಿಮೆ ತಿನ್ನತೊಡಗಿತು. ಎರಡನೇ ಬಗೆಯ ದಪ್ಪ ಇಲಿಯನ್ನು ಜೋಡಿಸಿದಾಗ ಸಾಮಾನ್ಯ ಇಲಿ ತಿನ್ನುವುದನ್ನೇ ಬಿಟ್ಟು ಹಸಿವಿನಿಂದ ಸತ್ತಿತು. ಕೋಲ್ಮನ್ ಇದರಿಂದ ಒಂದು ಊಹೆ ಮಾಡಿದರು. ರಕ್ತದಲ್ಲಿ ಹಸಿವು ತಗ್ಗಿಸುವ ಏನೋ ಒಂದು ಹರಿಯುತ್ತಿದೆ. ಮೊದಲ ಬಗೆಯ ಇಲಿಯಲ್ಲಿ ಅದು ತಯಾರಾಗುವುದೇ ಇಲ್ಲ. ಎರಡನೆಯದರಲ್ಲಿ ಅದು ಬೇಕಾದಷ್ಟಿದೆ, ಆದರೆ ಆ ಇಲಿಗೆ ಅದು ತಾಗುವುದಿಲ್ಲ. ಆ ವಸ್ತು ಏನೆಂದು ಯಾರೂ ನೋಡಿರದ ಕಾಲದಲ್ಲಿ, ಬರೀ ಇಲಿಗಳು ತಿಂದದ್ದು ಬಿಟ್ಟದ್ದನ್ನು ನೋಡಿ ಇಷ್ಟು ಹೇಳಿದರು. ಇದನ್ನು ಓದುವಾಗಲೆಲ್ಲ ನನಗೆ ಅವರ ಮೇಲೆ ಗೌರವ ಹೆಚ್ಚುತ್ತದೆ. 1994ರಲ್ಲಿ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಆ ಜೀನನ್ನು ಹಿಡಿದಾಗ ಕೋಲ್ಮನ್ ಊಹೆ ಸರಿ ಎಂದು ಗೊತ್ತಾಯಿತು. ಆ ವಸ್ತುವೇ ಲೆಪ್ಟಿನ್.

ಮನುಷ್ಯರಲ್ಲಿ? 1997ರಲ್ಲಿ ಕೇಂಬ್ರಿಡ್ಜ್‌ನ ವೈದ್ಯರು ಒಂದೇ ಕುಟುಂಬದ ಇಬ್ಬರು ಮಕ್ಕಳ ಬಗ್ಗೆ ಬರೆದರು. ಎಂಟು ವರ್ಷದ ಹುಡುಗಿಯ ತೂಕ 86 ಕೆಜಿ. ಎರಡು ವರ್ಷದ ಹುಡುಗನ ತೂಕ 29 ಕೆಜಿ. ಇಬ್ಬರ ಲೆಪ್ಟಿನ್ ಜೀನ್‌ನಲ್ಲೂ ಡಿಎನ್‌ಎಯ ಒಂದೇ ಒಂದು ಅಕ್ಷರ ಬಿಟ್ಟುಹೋಗಿತ್ತು. ಎರಡೂ ಪ್ರತಿಗಳಲ್ಲಿ. ರಕ್ತದಲ್ಲಿ ಲೆಪ್ಟಿನ್ ಬಹುತೇಕ ಇರಲೇ ಇಲ್ಲ. 1999ರಲ್ಲಿ ಸದಫ್ ಫಾರೂಕಿ, ಸ್ಟೀಫನ್ ಓ'ರಾಹಿಲಿ ಮತ್ತು ಜೊತೆಗಾರರು ಒಂಬತ್ತು ವರ್ಷದ ಹುಡುಗಿಗೆ ಲೆಪ್ಟಿನ್ ಚುಚ್ಚುಮದ್ದು ಕೊಟ್ಟ ಫಲ ಪ್ರಕಟಿಸಿದರು. ಒಂದು ವರ್ಷದಲ್ಲಿ 16 ಕೆಜಿಗೂ ಹೆಚ್ಚು ತೂಕ ಇಳಿದಿತ್ತು. ಅದಕ್ಕೂ ಮೊದಲು ಇಂಥ ಮಕ್ಕಳ ತಾಯಂದಿರು ಎಷ್ಟು ಮಾತು ಕೇಳಿರಬಹುದು ಯೋಚಿಸಿ. ಮಗುವಿಗೆ ತಿನ್ನಿಸಿ ತಿನ್ನಿಸಿ ಹೀಗೆ ಮಾಡಿದ್ದೀರಿ ಎಂದು. ಮಗುವಿನ ಹಸಿವಿಗೆ ಕಡಿವಾಣ ಹಾಕುವ ಹಾರ್ಮೋನ್ ಹುಟ್ಟಿನಿಂದಲೇ ಇರಲಿಲ್ಲ. ಅದನ್ನು ಕೊಟ್ಟ ಮೇಲೆ ಹಸಿವು ಇಳಿಯಿತು. ಕಾರಣ ಎಂದರೆ ಇದು.

ಹಾಗಾದರೆ ಎಲ್ಲ ದಪ್ಪಗಿರುವವರಿಗೂ ಲೆಪ್ಟಿನ್ ಕೊಟ್ಟರಾಯಿತಲ್ಲ? ಕೊಟ್ಟು ನೋಡಿದರು. ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಬೊಜ್ಜು ಇರುವ ಹೆಚ್ಚಿನವರ ರಕ್ತದಲ್ಲಿ ಲೆಪ್ಟಿನ್ ಈಗಾಗಲೇ ಜಾಸ್ತಿ ಇರುತ್ತದೆ. ಕೊಬ್ಬು ಏರಿದಷ್ಟೂ ಅದು ಏರುತ್ತದೆ. ಅವರಲ್ಲಿ ಆ ಅಂಕಿ ಮೈಯಲ್ಲಿ ಎಷ್ಟು ಕೊಬ್ಬಿದೆ ಎಂದು ತಿಳಿಸುತ್ತಿದೆ, ಅಷ್ಟೇ.

ಇದನ್ನು ಜೀನ್‌ಗಳು ಎಷ್ಟು ಚೆನ್ನಾಗಿ ಬೇರೆ ಮಾಡಿ ತೋರಿಸುತ್ತವೆ ನೋಡಿ. 2016ರಲ್ಲಿ 32 ಸಾವಿರಕ್ಕೂ ಹೆಚ್ಚು ಜನರ ಜೀನ್ ಮತ್ತು ಲೆಪ್ಟಿನ್ ಮಟ್ಟವನ್ನು ಹೋಲಿಸಿದ ಅಧ್ಯಯನ ಬಂತು. ಡಿಎನ್‌ಎಯ ಐದು ಜಾಗಗಳು ಲೆಪ್ಟಿನ್ ಮಟ್ಟದ ಜೊತೆ ನಂಟು ತೋರಿಸಿದವು. ಅದರಲ್ಲಿ ಒಂದು ಎಫ್‌ಟಿಒ ಜೀನ್. ಬೊಜ್ಜಿನ ಜೀನ್ ಎಂದು 2007ರಿಂದಲೂ ಹೆಸರಾದದ್ದು ಇದೇ. ಇದರ ಅಪಾಯದ ರೂಪ ಎರಡೂ ಪ್ರತಿಗಳಲ್ಲಿ ಇದ್ದವರು ಒಂದೂ ಇಲ್ಲದವರಿಗಿಂತ ಸರಾಸರಿ ಸುಮಾರು 3 ಕೆಜಿ ಹೆಚ್ಚು ತೂಗುತ್ತಾರೆ. ಆದರೆ ತೂಕದ ವ್ಯತ್ಯಾಸವನ್ನು ಲೆಕ್ಕದಿಂದ ತೆಗೆದುಹಾಕಿದ ಕೂಡಲೇ ಎಫ್‌ಟಿಒಗೂ ಲೆಪ್ಟಿನ್‌ಗೂ ಇದ್ದ ನಂಟು ಮಾಯವಾಯಿತು. ಅಂದರೆ ಆ ಜೀನ್ ಮೊದಲು ತೂಕ ಏರಿಸುತ್ತದೆ. ತೂಕ ಏರಿದ್ದಕ್ಕೆ ಲೆಪ್ಟಿನ್ ಏರುತ್ತದೆ. ಉಳಿದ ನಾಲ್ಕು ಜಾಗಗಳ ನಂಟು ಹಾಗೇ ಉಳಿಯಿತು. ಅವು ಕೊಬ್ಬಿನ ಪ್ರಮಾಣದ ಹಂಗಿಲ್ಲದೆ ಲೆಪ್ಟಿನ್ ಮಟ್ಟವನ್ನು ಬದಲಿಸುತ್ತವೆ. ಅದರಲ್ಲಿ ಒಂದು ಲೆಪ್ಟಿನ್ ಜೀನ್‌ನ ಹತ್ತಿರವೇ ಇದೆ. ಒಂದೇ ಅಂಕಿ, ಆದರೆ ಅಲ್ಲಿಗೆ ಬಂದ ದಾರಿ ಒಬ್ಬೊಬ್ಬರಲ್ಲಿ ಒಂದೊಂದು.

ಈಗ ಅಡಿಪೊನೆಕ್ಟಿನ್‌ಗೆ ಬರೋಣ.

ಈ ಹಾರ್ಮೋನ್ ಮಾಡುವ ಜೀನ್‌ನ ಹೆಸರು ಅಡಿಪೊಕ್ಯೂ. ಮೂರನೇ ಕ್ರೋಮೋಸೋಮಿನಲ್ಲಿದೆ. ಇದರಲ್ಲಿನ ಸಾಮಾನ್ಯ ಬದಲಾವಣೆಗಳು ಮಟ್ಟವನ್ನು ಕೊಂಚ ಕೊಂಚ ಏರಿಸಿ ಇಳಿಸುತ್ತವೆ. ಅಪರೂಪದ ಒಂದು ಬದಲಾವಣೆ ಅಮೆರಿಕದ ಹಿಸ್ಪಾನಿಕ್ (ಲ್ಯಾಟಿನ್ ಅಮೆರಿಕ ಮೂಲದ) ಕುಟುಂಬಗಳಲ್ಲಿ ಸಿಕ್ಕಿತು. ಅದು ಇದ್ದವರಲ್ಲಿ ಅಡಿಪೊನೆಕ್ಟಿನ್ ಸುಮಾರು ಶೇ. 80ರಷ್ಟು ಕಡಿಮೆ. 2012ರಲ್ಲಿ 45,891 ಜನರ ಮಾಹಿತಿ ಸೇರಿಸಿ ಮಾಡಿದ ದೊಡ್ಡ ವಿಶ್ಲೇಷಣೆಯಲ್ಲಿ ಬೇರೆ ಜೀನ್‌ಗಳಲ್ಲೂ ಹಲವು ಜಾಗಗಳು ಸೇರಿಕೊಂಡವು. ಈಗ ಚೀಟಿಗಳು ಕೈಯಲ್ಲಿವೆ. ಪ್ರಶ್ನೆ ಕೇಳಬಹುದು. ಅಡಿಪೊಕ್ಯೂ ಜೀನ್‌ನಿಂದಾಗಿ ಹುಟ್ಟಿನಿಂದಲೇ ಕಡಿಮೆ ಅಡಿಪೊನೆಕ್ಟಿನ್ ಇರುವವರಿಗೆ ಸಕ್ಕರೆ ಕಾಯಿಲೆ ಜಾಸ್ತಿಯೇ?

2013ರಲ್ಲಿ ಬಂದ ಮೆಂಡೀಲಿಯನ್ ರ್‍ಯಾಂಡಮೈಸೇಶನ್ ಅಧ್ಯಯನವೊಂದರ ಉತ್ತರ ಹಲವರಿಗೆ ನಿರಾಸೆ ತಂದಿತು. ಆ ಜೀನ್ ಬದಲಾವಣೆಗಳು ಅಡಿಪೊನೆಕ್ಟಿನ್ ಮಟ್ಟವನ್ನು ಖಂಡಿತ ಬದಲಿಸುತ್ತಿದ್ದವು. ಆದರೆ ಇನ್ಸುಲಿನ್ ಪ್ರತಿರೋಧವನ್ನಾಗಲಿ (ಇನ್ಸುಲಿನ್ ಇದ್ದರೂ ಮೈ ಅದಕ್ಕೆ ಸರಿಯಾಗಿ ಸ್ಪಂದಿಸದಿರುವುದು) ಟೈಪ್ 2 ಸಕ್ಕರೆ ಕಾಯಿಲೆಯನ್ನಾಗಲಿ ನಿರೀಕ್ಷಿಸಿದಂತೆ ಬದಲಿಸುತ್ತಿರಲಿಲ್ಲ. ತಿರುಗಿಸಿ ಕೇಳಿದರೆ ಇನ್ನೊಂದು ಚಿತ್ರ ಬರುತ್ತಿತ್ತು. ಇನ್ಸುಲಿನ್ ಪ್ರತಿರೋಧವೇ ಅಡಿಪೊನೆಕ್ಟಿನ್ ಮಟ್ಟವನ್ನು ಇಳಿಸುವ ಸಾಧ್ಯತೆ ಹೆಚ್ಚು.

ಇದನ್ನು ಬೇರೊಂದು ಕಡೆಯಿಂದ ಒಪ್ಪಿಸುವ ಅಪರೂಪದ ರೋಗಿಗಳಿದ್ದಾರೆ. ಕೋಶದ ಮೇಲಿದ್ದು ಇನ್ಸುಲಿನ್ ಅನ್ನು ಹಿಡಿಯುವ ಪ್ರೋಟೀನ್‌ಗೆ ಇನ್ಸುಲಿನ್ ರಿಸೆಪ್ಟರ್ ಎನ್ನುತ್ತಾರೆ. ಅವರಲ್ಲಿ ಅದರ ಜೀನೇ ಕೆಟ್ಟಿರುತ್ತದೆ. ಇನ್ಸುಲಿನ್ ಬಂದು ಬಾಗಿಲು ತಟ್ಟಿದರೂ ಕೋಶಕ್ಕೆ ಕೇಳಿಸುವುದಿಲ್ಲ. ಇನ್ಸುಲಿನ್ ಪ್ರತಿರೋಧ ಇದಕ್ಕಿಂತ ತೀವ್ರವಾಗಿರುವುದು ಕಷ್ಟ. ಸಾಮಾನ್ಯ ಲೆಕ್ಕದ ಪ್ರಕಾರ ಅವರಲ್ಲಿ ಅಡಿಪೊನೆಕ್ಟಿನ್ ನೆಲ ಕಚ್ಚಿರಬೇಕು. ಆದರೆ ಅವರಲ್ಲಿ ಅದು ಜಾಸ್ತಿ ಇರುತ್ತದೆ! ಹೆಚ್ಚಿನವರಲ್ಲಿ ಇನ್ಸುಲಿನ್ ಪ್ರತಿರೋಧ ಅಂದರೆ ರಕ್ತದಲ್ಲಿ ಇನ್ಸುಲಿನ್ ವಿಪರೀತ ಇರುವುದು ಅಂತಲೂ ಅರ್ಥ. ಆ ವಿಪರೀತ ಇನ್ಸುಲಿನ್ ಕೊಬ್ಬಿನ ಕೋಶದ ಮೇಲೆ ಒತ್ತಡ ಹಾಕಿ ಅಡಿಪೊನೆಕ್ಟಿನ್ ಅನ್ನು ತಗ್ಗಿಸುತ್ತಿರಬಹುದು. ರಿಸೆಪ್ಟರ್ ಕೆಟ್ಟವರಲ್ಲಿ ಆ ಒತ್ತಡ ತಲುಪುವುದೇ ಇಲ್ಲ. ಹಾಗಾಗಿ ಮಟ್ಟ ಇಳಿಯುವುದಿಲ್ಲ. ಕೆಲವೇ ಕೆಲವು ರೋಗಿಗಳನ್ನು ಗಮನವಿಟ್ಟು ನೋಡಿದ್ದರಿಂದ ಇಷ್ಟು ತಿಳಿಯಿತು ಎಂಬುದು ನನಗೆ ದೊಡ್ಡ ವಿಷಯ.

ಇನ್ನೊಂದು ಸಂಗತಿ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಸಿಡಿಎಚ್13 ಎಂಬ ಜೀನ್ ಟಿ-ಕ್ಯಾಡರಿನ್ ಎಂಬ ಪ್ರೋಟೀನ್ ಮಾಡುತ್ತದೆ. ರಕ್ತನಾಳದ ಒಳಗೋಡೆಯಲ್ಲಿ, ಹೃದಯದಲ್ಲಿ, ಸ್ನಾಯುವಿನಲ್ಲಿ ಅದು ಇರುತ್ತದೆ. ರಕ್ತದಲ್ಲಿ ಹೋಗುತ್ತಿರುವ ಅಡಿಪೊನೆಕ್ಟಿನ್ ಅದಕ್ಕೆ ಅಂಟಿಕೊಳ್ಳುತ್ತದೆ. ಟಿ-ಕ್ಯಾಡರಿನ್ ಇಲ್ಲದ ಇಲಿಗಳಲ್ಲಿ ರಕ್ತದ ಅಡಿಪೊನೆಕ್ಟಿನ್ ತುಂಬಾ ಏರುತ್ತದೆ, ಯಾಕೆಂದರೆ ಅಂಟಿಕೊಳ್ಳಲು ಜಾಗವಿಲ್ಲ. ಪೂರ್ವ ಏಷ್ಯಾದ ಜನರಲ್ಲಿ ಈ ಜೀನ್‌ನ ಒಂದು ರೂಪ ಸಾಕಷ್ಟು ಸಾಮಾನ್ಯ. ಆ ರೂಪ ಇದ್ದವರಲ್ಲಿ ರಕ್ತದ ಅಡಿಪೊನೆಕ್ಟಿನ್ ಕಡಿಮೆ. ಆದರೂ ಅವರ ಮೆಟಬಾಲಿಸಂ ಕೆಟ್ಟಿರುವುದಿಲ್ಲ. 2013ರ ಒಂದು ಅಧ್ಯಯನ ಅವರ ಮೈ ಅಡಿಪೊನೆಕ್ಟಿನ್‌ಗೆ ಹೆಚ್ಚು ಚೆನ್ನಾಗಿ ಸ್ಪಂದಿಸುತ್ತದೆ ಎಂದೇ ಹೇಳಿತು. ರಕ್ತದಲ್ಲಿ ಉಳಿದಿರುವುದು ಎಷ್ಟು ಎಂಬುದು ಒಂದು, ಅಂಗಾಂಗಗಳಿಗೆ ತಲುಪಿದ್ದು ಎಷ್ಟು ಎಂಬುದು ಇನ್ನೊಂದು. ನಾವು ಅಳೆಯುವುದು ಮೊದಲನೆಯದನ್ನು.

ಹಾಗಂತ ಅಡಿಪೊನೆಕ್ಟಿನ್ ಬರೀ ಸುಮ್ನೆ ಹರಿಯುತ್ತಿದೆ, ಅದಕ್ಕೆ ಕೆಲಸವೇ ಇಲ್ಲ ಎಂದು ನಾನು ನಂಬುವುದಿಲ್ಲ. ಜೀನ್ ವಿಧಾನಕ್ಕೂ ತನ್ನದೇ ಮಿತಿ ಇದೆ. ಸಾಮಾನ್ಯ ಜೀನ್ ಬದಲಾವಣೆ ತರುವ ವ್ಯತ್ಯಾಸ ಚಿಕ್ಕದು. ಔಷಧಿ ಕೊಟ್ಟು ದೊಡ್ಡ ಬದಲಾವಣೆ ತಂದರೆ ಏನಾಗುತ್ತದೆ ಎಂಬುದನ್ನು ಅದು ಪೂರ್ತಿ ಹೇಳಲಾರದು. ಹುಟ್ಟಿನಿಂದಲೇ ಒಂದು ಹಾರ್ಮೋನ್ ಕಡಿಮೆ ಇದ್ದರೆ ಮೈ ಬೇರೆ ದಾರಿ ಹುಡುಕಿಕೊಂಡಿರಲೂಬಹುದು. ಇಲಿಗಳ ಇನ್ನೊಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. 2007ರಲ್ಲಿ ಫಿಲಿಪ್ ಶೆರರ್ ಅವರ ತಂಡ ಲೆಪ್ಟಿನ್ ಇಲ್ಲದ ದಪ್ಪ ಇಲಿಗಳಲ್ಲಿ ಅಡಿಪೊನೆಕ್ಟಿನ್ ಜಾಸ್ತಿ ತಯಾರಾಗುವಂತೆ ಮಾಡಿತು. ಇಲಿಗಳು ಸಣ್ಣಗಾಗಲಿಲ್ಲ. ಮೊದಲಿಗಿಂತ ಇನ್ನಷ್ಟು ದಪ್ಪವಾದವು. ಆದರೆ ಅವುಗಳ ಸಕ್ಕರೆ, ಇನ್ಸುಲಿನ್ ಎಲ್ಲ ಸುಧಾರಿಸಿತು. ಕೊಬ್ಬು ಲಿವರ್‌ನಲ್ಲಿ ತುಂಬಿಕೊಳ್ಳುವ ಬದಲು ಚರ್ಮದ ಕೆಳಗಿನ ತನ್ನ ಜಾಗಕ್ಕೆ ಹೋಗಿ ಕೂತಿತ್ತು.

ಮನುಷ್ಯರಲ್ಲೂ ಇದೇ ಮಾತನ್ನು ಇನ್ನೊಂದು ಜೀನ್ ಹೇಳುತ್ತದೆ. ಐಆರ್‌ಎಸ್1 ಜೀನ್‌ನ ಹತ್ತಿರ ಒಂದು ರೂಪವಿದೆ. 2011ರಲ್ಲಿ 76 ಸಾವಿರಕ್ಕೂ ಹೆಚ್ಚು ಜನರನ್ನು ನೋಡಿದ ಅಧ್ಯಯನದ ಪ್ರಕಾರ ಅದು ಇದ್ದವರಲ್ಲಿ ಮೈಕೊಬ್ಬು ಕಡಿಮೆ. ಒಳ್ಳೆಯದೇ ಆಯಿತು ಅನ್ನುತ್ತೀರಿ. ಆದರೆ ಅವರಲ್ಲಿ ಇನ್ಸುಲಿನ್ ಪ್ರತಿರೋಧ ಜಾಸ್ತಿ, ಅಡಿಪೊನೆಕ್ಟಿನ್ ಕಡಿಮೆ. ಕೊಬ್ಬನ್ನು ಚರ್ಮದ ಕೆಳಗೆ ಇಟ್ಟುಕೊಳ್ಳುವ ಶಕ್ತಿಯೇ ಅವರಿಗೆ ಕಡಿಮೆ. ಜಾಗ ಸಾಲದ ಕೊಬ್ಬು ಲಿವರ್, ಸ್ನಾಯು ಎಂದು ಇರಬಾರದ ಕಡೆ ಸೇರುತ್ತದೆ. ಇದರ ತುತ್ತತುದಿ ಲಿಪೋಡಿಸ್ಟ್ರೊಫಿ ಎಂಬ ಅಪರೂಪದ ಕಾಯಿಲೆ. ಅವರಿಗೆ ಚರ್ಮದ ಕೆಳಗೆ ಕೊಬ್ಬೇ ಇರುವುದಿಲ್ಲ. ನೋಡಲು ತೆಳ್ಳಗೆ, ಸ್ನಾಯು ಎದ್ದು ಕಾಣುವ ಮೈ. ಒಳಗೆ ತೀವ್ರ ಸಕ್ಕರೆ ಕಾಯಿಲೆ, ಲಿವರ್ ತುಂಬಾ ಕೊಬ್ಬು, ಲೆಪ್ಟಿನ್ ಅಡಿಪೊನೆಕ್ಟಿನ್ ಎರಡೂ ಪಾತಾಳದಲ್ಲಿ. ಇವರಿಗೆ ಲೆಪ್ಟಿನ್ ಕೊಟ್ಟರೆ ನಿಜಕ್ಕೂ ಉಪಯೋಗವಾಗುತ್ತದೆ. 2014ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಇವರಿಗಾಗಿ ಮೆಟ್ರೆಲೆಪ್ಟಿನ್ ಎಂಬ ಕೃತಕ ಲೆಪ್ಟಿನ್ ಔಷಧಿಗೆ ಒಪ್ಪಿಗೆ ಕೊಟ್ಟಿತು. ಕೊಬ್ಬು ಜಾಸ್ತಿ ಇರುವವರಿಗೆ ಕೆಲಸ ಮಾಡದ ಔಷಧಿ ಕೊಬ್ಬೇ ಇಲ್ಲದವರಿಗೆ ನಾಟಿತು.

ಇಷ್ಟನ್ನು ಒಟ್ಟಿಗೆ ಇಟ್ಟು ನೋಡಿದಾಗ ಅಡಿಪೊನೆಕ್ಟಿನ್ ಅಂಕಿಯನ್ನು ನಾನು ಓದುವ ರೀತಿ ಬದಲಾಯಿತು. ಕೊಬ್ಬಿನ ಕೋಶಗಳು ನೆಮ್ಮದಿಯಿಂದ ಇವೆಯೋ, ಅವುಗಳಲ್ಲಿ ಇನ್ನೂ ಜಾಗವಿದೆಯೋ ಎಂಬುದನ್ನು ಆ ಅಂಕಿ ಬಹುಪಾಲು ಹೇಳುತ್ತಿದೆ. ಆ ಜಾಗ ಎಷ್ಟಿರಬೇಕು ಎಂಬುದರಲ್ಲಿ ಜೀನ್‌ಗಳ ಮಾತು ದೊಡ್ಡದು.

ನನ್ನ ಹತ್ತಿರದ ನೆಂಟರಲ್ಲೇ ಸಣಕಲು ಮೈಯವರಿಗೆ ಸಕ್ಕರೆ ಕಾಯಿಲೆ ಇದೆ. ಅವರಿಗಿಂತ ಎಷ್ಟೋ ದಪ್ಪಗಿರುವವರು ಆರಾಮಾಗಿದ್ದಾರೆ. ಸಣ್ಣಗಿರುವವರಿಗೆ ಜನ ಕೇಳುವ ಪ್ರಶ್ನೆ, "ನಿಮಗೆ ಹೇಗೆ ಬಂತು?" ದಪ್ಪಗಿರುವವರಿಗೆ ಕೇಳುವ ಪ್ರಶ್ನೆ, "ನಿಮಗೆ ಇನ್ನೂ ಬಂದಿಲ್ವಾ?" ಎರಡು ಪ್ರಶ್ನೆಯಲ್ಲೂ ತೀರ್ಪು ಸೇರಿಕೊಂಡಿದೆ. ಮೊದಲನೆಯವರು ಏನೋ ಮುಚ್ಚಿಡುತ್ತಿದ್ದಾರೆ, ಕದ್ದು ಸಿಹಿ ತಿನ್ನುತ್ತಾರೆ ಎಂಬ ಅನುಮಾನ. ಎರಡನೆಯವರದು ಅದೃಷ್ಟ ಮಾತ್ರ ಎಂಬ ಭಾವ. ನನಗೆ ಈ ಮಾತುಗಳು ತುಂಬಾ ನೋವು ಕೊಡುತ್ತವೆ. ಒಂದೇ ತೂಕದ ಇಬ್ಬರಲ್ಲಿ ಒಬ್ಬರ ಮೈ ಹತ್ತು ಕೆಜಿ ಹೆಚ್ಚುವರಿ ಕೊಬ್ಬನ್ನು ಸುರಕ್ಷಿತವಾಗಿ ಇಟ್ಟುಕೊಳ್ಳಬಲ್ಲದು, ಇನ್ನೊಬ್ಬರದು ಎರಡು ಕೆಜಿಗೇ ಸೋಲಬಹುದು. ಇದನ್ನು ಅವರು ಯಾರೂ ಆರಿಸಿಕೊಂಡಿಲ್ಲ.

ಜೀನ್‌ಗಳ ಸಾಕ್ಷಿ ಯಾವಾಗಲೂ ಹಾರ್ಮೋನ್ ಕಾರಣವಲ್ಲ ಎಂದೇ ಹೇಳುತ್ತದೆ ಎಂದೂ ತಿಳಿಯಬೇಡಿ. ಟೆಸ್ಟೊಸ್ಟೆರೋನ್ ವಿಷಯದಲ್ಲಿ ಅದು ಬೊಟ್ಟು ಮಾಡಿ ತೋರಿಸಿತು, ಅದೂ ಗಂಡಸರಿಗೆ ಒಂದು ತರಹ, ಹೆಂಗಸರಿಗೆ ಇನ್ನೊಂದು ತರಹ. ಜನರ ಜೀನ್ ಮತ್ತು ಆರೋಗ್ಯದ ಮಾಹಿತಿ ಕೂಡಿಡುವ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್‌ನ 4,25,097 ಜನರ ಮಾಹಿತಿಯ ಮೇಲೆ 2020ರಲ್ಲಿ ಒಂದು ಅಧ್ಯಯನ ಬಂತು. ಜೀನ್‌ನಿಂದಾಗಿ ಟೆಸ್ಟೊಸ್ಟೆರೋನ್ ಹೆಚ್ಚಿರುವ ಹೆಂಗಸರಲ್ಲಿ ಟೈಪ್ 2 ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚು, ಪಿಸಿಒಎಸ್ (ಹೆಂಗಸರ ಅಂಡಾಶಯದ ಹಾರ್ಮೋನ್ ತೊಂದರೆ) ಅಪಾಯವೂ ಹೆಚ್ಚು. ಗಂಡಸರಲ್ಲಿ ಅದೇ ಹಾರ್ಮೋನ್ ಹೆಚ್ಚಿದ್ದರೆ ಸಕ್ಕರೆ ಕಾಯಿಲೆಯ ಅಪಾಯ ಕಡಿಮೆ. ಪಿಸಿಒಎಸ್ ಇರುವ ಹೆಣ್ಣುಮಕ್ಕಳಿಗೆ "ತೂಕ ಇಳಿಸಿ, ಎಲ್ಲ ಸರಿಹೋಗುತ್ತೆ" ಎಂದು ಹೇಳಿ ಕಳಿಸುವುದು ಎಲ್ಲ ಕಡೆ ಇದೆ. ತೂಕ ಇಳಿಸಿದರೆ ಹಲವರಿಗೆ ನೆರವಾಗುತ್ತದೆ, ನಿಜ. ಆದರೆ ಹಾರ್ಮೋನ್ ತಾನೇ ಕಾರಣದ ಜಾಗದಲ್ಲಿ ನಿಂತಿದೆ ಎಂದು ಜೀನ್‌ಗಳು ಹೇಳುತ್ತಿರುವಾಗ, ಪೂರ್ತಿ ಹೊಣೆಯನ್ನು ಅವರ ತಟ್ಟೆಯ ಮೇಲೆ ಹಾಕುವುದು ಅನ್ಯಾಯ. ಎಸ್‌ಎಚ್‌ಬಿಜಿ ಎಂಬ ಪ್ರೋಟೀನ್ ಲಿವರ್‌ನಿಂದ ಬರುತ್ತದೆ, ರಕ್ತದಲ್ಲಿ ಟೆಸ್ಟೊಸ್ಟೆರೋನ್ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದು ಹುಟ್ಟಿನಿಂದ ಕಡಿಮೆ ಇದ್ದವರಿಗೆ ಸಕ್ಕರೆ ಕಾಯಿಲೆಯ ಅಪಾಯ ಜಾಸ್ತಿ ಎಂದು 2009ರಲ್ಲೇ ಜೀನ್ ಅಧ್ಯಯನ ತೋರಿಸಿತ್ತು. ಇದು ಗಂಡು ಹೆಣ್ಣು ಇಬ್ಬರಿಗೂ ಅನ್ವಯಿಸುತ್ತದೆ.

ಎಫ್‌ಜಿಎಫ್21 ಎಂಬ ಇನ್ನೊಂದು ಲಿವರ್ ಹಾರ್ಮೋನ್ ಬಗ್ಗೆ ಎರಡೇ ಮಾತು. ಇದರ ಜೀನ್‌ನ ಒಂದು ರೂಪ ಇದ್ದವರು ಸಕ್ಕರೆ, ಸಿಹಿ ಜಾಸ್ತಿ ತಿನ್ನುತ್ತಾರೆ. ಹಾಗಾದರೆ ಕೊಬ್ಬೂ ಜಾಸ್ತಿ ಇರಬೇಕಲ್ಲ? 2018ರ ಅಧ್ಯಯನದಲ್ಲಿ ಅವರ ಮೈಕೊಬ್ಬಿನ ಪ್ರಮಾಣ ಕೊಂಚ ಕಡಿಮೆಯೇ ಇತ್ತು, ಬಿಪಿ ಕೊಂಚ ಹೆಚ್ಚಿತ್ತು. ಸಿಹಿ ತಿನ್ನುವ ಆಸೆಯೇ ಕೊಬ್ಬಾಗುತ್ತದೆ ಎಂಬ ನೇರ ಲೆಕ್ಕ ಇಲ್ಲಿ ನಿಲ್ಲುವುದಿಲ್ಲ. ಜಿಸಿಕೆಆರ್ ಜೀನ್ ಇನ್ನೂ ವಿಚಿತ್ರ. ಅದರ ಒಂದು ಸಾಮಾನ್ಯ ರೂಪ ಖಾಲಿ ಹೊಟ್ಟೆಯ ಸಕ್ಕರೆಯನ್ನು ಇಳಿಸುತ್ತದೆ, ಅದೇ ಹೊತ್ತಿಗೆ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬನ್ನು ಏರಿಸುತ್ತದೆ. ಲೆಪ್ಟಿನ್ ಪಟ್ಟಿಯ ಐದು ಜಾಗಗಳಲ್ಲಿ ಇದೂ ಒಂದು. ಒಳ್ಳೆಯ ಜೀನ್, ಕೆಟ್ಟ ಜೀನ್ ಎಂದು ಬೇರೆ ಮಾಡಲು ಹೊರಟವರು ಇದನ್ನು ಯಾವ ಕಡೆ ಇಡುತ್ತಾರೋ!

ಈ ಕ್ಷೇತ್ರದ ಬಗ್ಗೆ ನನಗೆ ಒಂದು ಗಂಭೀರ ದೂರು ಇದೆ. ಅಧ್ಯಯನಗಳಲ್ಲಿ ಹೆಚ್ಚಿನ ಜನ ಯುರೋಪ್ ಮೂಲದವರು. ಬೇರೆಯವರ ರಕ್ತದಲ್ಲಿ ಇರುವುದು ಅಲ್ಲಿ ಕಾಣುವುದೇ ಇಲ್ಲ. ಲೆಪ್ಟಿನ್ ಜೀನ್‌ನಲ್ಲೇ ಒಂದು ಬದಲಾವಣೆ ಆಫ್ರಿಕಾ ಮೂಲದವರಲ್ಲಿ ಸಾಮಾನ್ಯ. ಅದು ಲೆಪ್ಟಿನ್ ಮಟ್ಟವನ್ನು ಇಳಿಸುತ್ತದೆ. ಯುರೋಪಿನವರನ್ನು ಮಾತ್ರ ಎಷ್ಟು ಲಕ್ಷ ಸೇರಿಸಿದ್ದರೂ ಅದು ಸಿಗುತ್ತಿರಲಿಲ್ಲ. ಸಿಡಿಎಚ್13 ವಿಷಯ ಅಷ್ಟು ಸ್ಪಷ್ಟವಾದದ್ದು ಪೂರ್ವ ಏಷ್ಯಾದವರನ್ನು ಮತ್ತು ಫಿಲಿಪ್ಪೀನ್ಸ್‌ನ ಹೆಂಗಸರನ್ನು ನೋಡಿದ್ದರಿಂದ. ಅಡಿಪೊಕ್ಯೂ ಜೀನ್‌ನ ಆ ಶೇ. 80ರ ಇಳಿಕೆ ಸಿಕ್ಕಿದ್ದು ಹಿಸ್ಪಾನಿಕ್ ಕುಟುಂಬಗಳಲ್ಲಿ. ಹೊಸದು ಸಿಕ್ಕಿದ ಕಡೆಯೆಲ್ಲ ಯಾರೋ ಹೊಸ ಜನರನ್ನು ನೋಡುವ ಮನಸ್ಸು ಮಾಡಿದ್ದರು.

ಕೊನೆಗೆ, ಅಳೆಯುವುದರ ಬಗ್ಗೆಯೇ ಸ್ವಲ್ಪ. ಈಗ ಒಂದು ಹನಿ ರಕ್ತದಲ್ಲಿ ಸಾವಿರಾರು ಪ್ರೋಟೀನ್ ಅಳೆಯುವ ಕಾಲ. ಐಸ್‌ಲ್ಯಾಂಡ್‌ನಲ್ಲಿ 35,559 ಜನರ ರಕ್ತದಲ್ಲಿ 4,719 ಪ್ರೋಟೀನ್‌ಗಳನ್ನು ಅಳೆದು ಜೀನ್‌ಗೆ ಹೋಲಿಸಿದ ಕೆಲಸ 2021ರಲ್ಲಿ ಬಂತು. 2023ರಲ್ಲಿ ಯುಕೆ ಬಯೋಬ್ಯಾಂಕ್‌ನ 54,219 ಜನರಲ್ಲಿ 2,923 ಪ್ರೋಟೀನ್‌ಗಳದ್ದು. ಇಲ್ಲಿ ಒಂದು ಸೂಕ್ಷ್ಮವಿದೆ. ಈ ಪರೀಕ್ಷೆಗಳು ಪ್ರೋಟೀನ್‌ನ ಆಕಾರವನ್ನು ಗುರುತು ಹಿಡಿದು ಎಣಿಸುತ್ತವೆ. ಜೀನ್ ಬದಲಾವಣೆ ಆ ಆಕಾರವನ್ನೇ ಕೊಂಚ ತಿರುಚಿದ್ದರೆ ಪರೀಕ್ಷೆಗೆ ಗುರುತು ಸಿಗುವುದಿಲ್ಲ. ಆಗ ಹಾರ್ಮೋನ್ ಇದ್ದರೂ ಕಡಿಮೆ ಎಂದು ತೋರಿಸುತ್ತದೆ.

ಇದರ ಉಲ್ಟಾ ಕೂಡ ಆಗುತ್ತದೆ. 2015ರಲ್ಲಿ ಜರ್ಮನಿಯ ಉಲ್ಮ್‌ನ ಮಾರ್ಟಿನ್ ವಾಬಿಷ್ ಮತ್ತು ಜೊತೆಗಾರರು ಒಂದು ಮಗುವಿನ ಬಗ್ಗೆ ಬರೆದರು. ಎರಡೂವರೆ ವರ್ಷದ ಗಂಡು ಮಗು, ವಿಪರೀತ ತೂಕ, ತೀರದ ಹಸಿವು. ಲಕ್ಷಣಗಳೆಲ್ಲ ಲೆಪ್ಟಿನ್ ಇಲ್ಲದ ಮಕ್ಕಳ ಹಾಗೆ. ಆದರೆ ರಕ್ತ ಪರೀಕ್ಷೆಯಲ್ಲಿ ಲೆಪ್ಟಿನ್ ಬೇಕಾದಷ್ಟಿತ್ತು. ಅಂಕಿಯನ್ನು ನಂಬಿದ್ದರೆ ಲೆಪ್ಟಿನ್ ಕೊರತೆ ಎಂಬ ಮಾತು ಅಲ್ಲಿಗೇ ಮುಗಿಯುತ್ತಿತ್ತು. ದಪ್ಪಗಿದೆ, ಅದಕ್ಕೆ ಲೆಪ್ಟಿನ್ ಜಾಸ್ತಿ ಎಂದು ಬರೆದು ಊಟ ಕಡಿಮೆ ಮಾಡಿ ಎಂದು ಮನೆಗೆ ಕಳಿಸಬಹುದಿತ್ತು. ಅವರು ಜೀನ್ ಓದಿದರು. ಲೆಪ್ಟಿನ್‌ನ 100ನೇ ಜಾಗದಲ್ಲಿ ಇರಬೇಕಾದ ಅಮೈನೋ ಆಮ್ಲದ ಬದಲು ಇನ್ನೊಂದಿತ್ತು. ಹಾರ್ಮೋನ್ ತಯಾರಾಗುತ್ತಿತ್ತು, ರಕ್ತಕ್ಕೂ ಬರುತ್ತಿತ್ತು, ಪರೀಕ್ಷೆಗೂ ಸಿಗುತ್ತಿತ್ತು. ಆದರೆ ರಿಸೆಪ್ಟರ್‌ಗೆ ಕೂರುತ್ತಿರಲಿಲ್ಲ. ಮಗುವಿಗೆ ಮೆಟ್ರೆಲೆಪ್ಟಿನ್ ಶುರು ಮಾಡಿದರು. ತಿನ್ನುವ ರೀತಿ ಬೇಗನೆ ಸಾಮಾನ್ಯಕ್ಕೆ ಬಂತು, ತೂಕ ಇಳಿಯಿತು. ಅದಾದ ಮೇಲೆ ಲೆಪ್ಟಿನ್ ಅಂಕಿ ಸರಿಯಿದ್ದೂ ಲೆಪ್ಟಿನ್ ಕೆಲಸ ಮಾಡದ ಬೇರೆ ಮಕ್ಕಳೂ ಪತ್ತೆಯಾಗಿದ್ದಾರೆ.